ಪಿಯಾನೋವನ್ನು ಬೇರೆ ಬಗೆಯಲ್ಲಿ ನುಡಿಸುವುದು: ಮುಂಗೈ, ತಂತಿ, ಸ್ಕ್ರೂ ಮತ್ತು ಎದುರಿಗಿರುವ ಕೇಳುಗರು

ಪಿಯಾನೋದ ಮುಚ್ಚಳ ಎತ್ತಿ ಒಬ್ಬರು ತಂತಿಗೆ ಕೈ ಹಾಕಿದರೆ ಸಭೆಯಲ್ಲಿ ಕೆಲವರು ನಗುತ್ತಾರೆ, ಕೆಲವರು ವಾದ್ಯ ಕೆಟ್ಟೇ ಹೋಯಿತೆಂದು ಗಾಬರಿಯಾಗುತ್ತಾರೆ. ಎರಡಕ್ಕೂ ಕಾರಣವಿದೆ. ಕೇಳಿದ ಸದ್ದು ಕೈತಪ್ಪಿ ಹುಟ್ಟಿದ್ದೋ ಬೇಕೆಂದೇ ತೆಗೆದದ್ದೋ ಎಂದು ಗೊತ್ತಾಗದಿದ್ದಾಗ ನಗು ಬರುತ್ತದೆ. ವಾದ್ಯದೊಳಗೆ ಏನಾಗುತ್ತಿದೆ ಎಂದು ಕಾಣದಿದ್ದಾಗ ಗಾಬರಿ ಬರುತ್ತದೆ. ಅದೇ ಸದ್ದನ್ನು ಎರಡನೆಯ ಸಲವೂ ಅದೇ ಬಲದಲ್ಲಿ, ಅದೇ ಜಾಗದಲ್ಲಿ ತೆಗೆಯಬಲ್ಲವರ ಮುಂದೆ ನಗು ತಾನಾಗಿ ಅಡಗುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಪಿಯಾನೋ ಮೊದಲಿದ್ದಂತೆಯೇ ನುಡಿದರೆ ಅದರ ಮಾಲೀಕರು ಮುಂದಿನ ಸಲವೂ ಬಾಗಿಲು ತೆರೆಯುತ್ತಾರೆ. ಆದ್ದರಿಂದ ಈ ಬಗೆಯ ವಾದನದಲ್ಲಿ ಧೈರ್ಯಕ್ಕಿಂತ ಅಳತೆಯೇ ಮುಖ್ಯ. ಕೆಳಗಿನ ಕ್ರಮವನ್ನು ಅಪಾಯ ಕಡಿಮೆಯಿರುವುದರಿಂದ ಹೆಚ್ಚಿರುವುದರ ಕಡೆಗೆ ಜೋಡಿಸಿದೆ. ಹಾಗೆಯೇ ಕಲಿಯಿರಿ.

ಮೊದಲು ವಾದ್ಯವನ್ನು ತಿಳಿಯಿರಿ

ಸಾಮಾನ್ಯ ಪಿಯಾನೋಗೆ 88 ಕೀಗಳು, ಸುಮಾರು 230 ತಂತಿಗಳು. ತೀರಾ ತಗ್ಗಿನ ಸ್ವರಗಳಿಗೆ ತಾಮ್ರ ಸುತ್ತಿದ ಒಂದೇ ದಪ್ಪ ತಂತಿ, ಅದರ ಮೇಲಿನವಕ್ಕೆ ಎರಡೆರಡು, ಅಲ್ಲಿಂದಾಚೆ ಬರಿ ಉಕ್ಕಿನ ಮೂರು ಮೂರು ತಂತಿ. ಒಂದೊಂದು ತಂತಿಯ ಬಿಗಿತವೂ ಸುಮಾರು 70ರಿಂದ 90 ಕಿಲೋ ತೂಕದಷ್ಟು. ಎಲ್ಲ ಸೇರಿದರೆ 18–20 ಟನ್. ಇಷ್ಟು ಬಿಗಿತ ತಾಳುವ ಕಬ್ಬಿಣದ ಚೌಕಟ್ಟಿಗೆ ನಿಮ್ಮ ಬೆರಳಿನಿಂದ ಏನೂ ಆಗದು. ಕೆಡುವುದು ಬೇರೆ: ಬೆವರಿಗೆ ಉಕ್ಕು ತುಕ್ಕು ಹಿಡಿಯುತ್ತದೆ, ತಾಮ್ರದ ಸುತ್ತುಗಳ ಸಂದಿಗೆ ಜಿಡ್ಡು ಇಳಿದರೆ ತಂತಿ ಮಂಕಾಗುತ್ತದೆ, ತಂತಿಯ ಮೇಲೆ ಕೂತು ಸ್ವರ ನಿಲ್ಲಿಸುವ ಡ್ಯಾಂಪರ್‌ನ ಫೆಲ್ಟು ಓರೆಯಾದರೆ ಸ್ವರ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ.

ಹಾಗಾಗಿ ತಂತಿ ಮುಟ್ಟುವ ಮುಂಚೆ ಕೈಯನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಕೈಗೆ ಹಚ್ಚುವ ಕ್ರೀಮು ಬೇಡ. ಉಂಗುರ, ಬಳೆ, ಗಡಿಯಾರ, ಅಂಗಿಯ ಜೇಬಿನಲ್ಲಿರುವ ಪೆನ್ನು ಎಲ್ಲವನ್ನೂ ತೆಗೆದಿಡಿ. ಬಗ್ಗಿದಾಗ ಜೇಬಿನಿಂದ ಬೀಳುವ ವಸ್ತುವೇ ತಂತಿಗಳ ಕೆಳಗಿನ ಮರದ ಹಲಗೆಗೆ, ಅಂದರೆ ಸೌಂಡ್‌ಬೋರ್ಡಿಗೆ, ದೊಡ್ಡ ಶತ್ರು. ಅಭ್ಯಾಸ ಮುಗಿದ ಕೂಡಲೇ ಮುಟ್ಟಿದ ತಂತಿಗಳನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ನೀರು, ಸ್ಪಿರಿಟ್, ಎಣ್ಣೆ ಯಾವುದನ್ನೂ ತಂತಿಗೆ ಹಾಕಬಾರದು.

ವಾದ್ಯ ನಿಮ್ಮದಲ್ಲವಾದರೆ ಅನುಮತಿ ಕೇಳಲೇಬೇಕು. ‘ಸ್ವಲ್ಪ ಒಳಗೆ ನುಡಿಸುತ್ತೇನೆ’ ಎಂದು ಹೇಳಿದರೆ ಬೇಡವೆಂಬ ಉತ್ತರವೇ ಬರುತ್ತದೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಒಂದು ಪುಟದಲ್ಲಿ ಬರೆದು ಕೊಡಿ: ಯಾವ ಸ್ವರಗಳ ತಂತಿ ಮುಟ್ಟುತ್ತೀರಿ, ಯಾವ ವಸ್ತು ಬಳಸುತ್ತೀರಿ, ಅವು ಎಷ್ಟು, ಯಾವುದನ್ನು ಬಳಸುವುದೇ ಇಲ್ಲ, ತೆಗೆಯಲು ಎಷ್ಟು ಹೊತ್ತು, ಆಮೇಲೆ ಟ್ಯೂನಿಂಗ್ ಖರ್ಚು ಯಾರದು. ವಸ್ತುಗಳನ್ನು ಕೈಯಲ್ಲೇ ತೆಗೆದುಕೊಂಡು ಹೋಗಿ ಟ್ಯೂನರ್‌ಗೆ ತೋರಿಸಿ. ವಿರೋಧಿಸಬಹುದೆಂದು ನೀವು ಎಣಿಸಿದ ಟ್ಯೂನರ್ ಎಷ್ಟೋ ಸಲ ಅತಿ ಒಳ್ಳೆಯ ಸಲಹೆಗಾರರಾಗುತ್ತಾರೆ. ಆ ವಾದ್ಯದ ಯಾವ ತಂತಿ ಹಳೆಯದು, ಯಾವುದು ಶ್ರುತಿ ನಿಲ್ಲಿಸುವುದಿಲ್ಲ ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ.

ಕೀಬೋರ್ಡಿನ ಮೇಲೆಯೇ: ಸ್ವರಗುಚ್ಛ

ಇದರಿಂದ ಶುರು ಮಾಡಿ, ಏಕೆಂದರೆ ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಅಕ್ಕಪಕ್ಕದ ಸ್ವರಗಳನ್ನೆಲ್ಲ ಒಟ್ಟಿಗೆ ಒತ್ತುವುದನ್ನು ಕ್ಲಸ್ಟರ್ ಎನ್ನುತ್ತಾರೆ. ಅಮೆರಿಕದ ಸಂಗೀತ ರಚನಕಾರ ಹೆನ್ರಿ ಕೋವೆಲ್ 1910ರ ದಶಕದಲ್ಲೇ ಅಂಗೈ, ಮುಷ್ಟಿ, ಮುಂಗೈಗಳಿಂದ ಇದನ್ನು ನುಡಿಸುವ ಕ್ರಮ ಮತ್ತು ಬರೆಯುವ ಲಿಪಿ ರೂಪಿಸಿದರು. ಅದೇ ದೇಶದ ರಚನಕಾರ ಚಾರ್ಲ್ಸ್ ಐವ್ಸ್ ತಮ್ಮ ಕಾಂಕರ್ಡ್ ಸೊನಾಟಾದ ಒಂದೆಡೆ 14¾ ಇಂಚು ಉದ್ದದ, ಅಂದರೆ ಸುಮಾರು 37.5 ಸೆಂ.ಮೀ. ಮರದ ಪಟ್ಟಿಯಿಂದ ಕೀಗಳನ್ನು ಒತ್ತಲು ಸೂಚಿಸಿದ್ದಾರೆ. ಅದೂ ಬಹಳ ಮೆಲ್ಲಗೆ. ಕ್ಲಸ್ಟರ್ ಅಂದರೆ ಗುದ್ದು ಎಂದುಕೊಂಡವರು ಆ ‘ಮೆಲ್ಲಗೆ’ಯನ್ನು ಗಮನಿಸಬೇಕು.

ಮುಂಗೈ ಕ್ಲಸ್ಟರ್ ಸುಮಾರು ಎರಡು ಸ್ಥಾಯಿಗಳನ್ನು ಮುಚ್ಚುತ್ತದೆ. ಮೊದಲು ಮುಂಗೈಯನ್ನು ಕೀಗಳ ಮೇಲೆ ಸದ್ದಿಲ್ಲದೆ ಇಟ್ಟು, ಮೊಣಕೈಯಿಂದ ಕಿರುಬೆರಳ ತನಕ ಎಲ್ಲೆಲ್ಲಿ ತಾಕುತ್ತದೆ ನೋಡಿ. ಕಪ್ಪು ಕೀಗಳು ಎತ್ತರದಲ್ಲಿರುವುದರಿಂದ ಅವೇ ಮೊದಲು ನುಡಿದು ಬಿಳಿಯವು ತಡವಾಗುತ್ತವೆ, ಕೆಲವು ಬಿಟ್ಟೇ ಹೋಗುತ್ತವೆ. ಕೈಯನ್ನು ಕಪ್ಪು ಕೀಗಳ ಮುಂತುದಿಗೆ ಸರಿಸಿ, ಮೆತ್ತನೆಯ ಒಳಭಾಗ ಕೆಳಗಾಗುವಂತೆ ತುಸು ಹೊರಳಿಸಿದರೆ ಎರಡೂ ಸಾಲು ಒಟ್ಟಿಗೆ ಇಳಿಯುತ್ತವೆ. ಹತ್ತು ಸೆಂ.ಮೀ.ಗಿಂತ ಹೆಚ್ಚು ಮೇಲಿಂದ ಬೀಳಿಸಬೇಡಿ. ಸದ್ದಿನ ಬಲ ಭುಜದ ಭಾರದಿಂದ ಬರಬೇಕು, ಎತ್ತರದಿಂದಲ್ಲ. ಮೂಳೆಯ ಬದಿ ತಾಕಿದರೆ ಕೈ ಕಂದುಗಟ್ಟುತ್ತದೆ, ಸ್ವರವೂ ಒರಟಾಗುತ್ತದೆ.

ಪರೀಕ್ಷೆ ಸುಲಭ. ಒಂದೇ ಕ್ಲಸ್ಟರನ್ನು ಅತಿ ಮೆಲ್ಲಗೆ, ನಡುಮಟ್ಟದಲ್ಲಿ, ಜೋರಾಗಿ ನುಡಿಸಿ ಧ್ವನಿಮುದ್ರಿಸಿ. ಮೂರರಲ್ಲೂ ಮೇಲಿನ ಅಂಚಿನ ಸ್ವರ ಒಂದೇ ಆಗಿ ಕೇಳಬೇಕು. ಕೇಳುಗರ ಕಿವಿ ಹಿಡಿಯುವುದು ಆ ಅಂಚನ್ನೇ. ಅಂಚು ಅಲುಗಾಡಿದರೆ ಇಡೀ ಗುಚ್ಛ ತಪ್ಪು ಒತ್ತಿದಂತೆ ಕೇಳುತ್ತದೆ.

ಸದ್ದಿಲ್ಲದೆ ಒತ್ತಿದ ಕೀ

ಬಲು ಸುಂದರವಾದ, ಯಾರೂ ನಗದ ತಂತ್ರ ಇದು. ನಡುವಿನ ಸಿ, ಅದರ ಮೇಲಿನ ಇ, ಜಿ ಕೀಗಳನ್ನು ಹ್ಯಾಮರ್ ತಂತಿಗೆ ಬಡಿಯದಷ್ಟು ನಿಧಾನವಾಗಿ ಒತ್ತಿ ಹಿಡಿಯಿರಿ. ಈಗ ನಡುವಿನ ಸಿಗಿಂತ ಎರಡು ಸ್ಥಾಯಿ ಕೆಳಗಿನ ಸಿಯನ್ನು ಎಡಗೈಯಿಂದ ಜೋರಾಗಿ, ಚಿಕ್ಕದಾಗಿ ಹೊಡೆದು ಬಿಡಿ. ಹೊಡೆದ ಸ್ವರ ನಿಂತರೂ ಹಿಡಿದ ತಂತಿಗಳು ತಾವಾಗಿ ಅನುರಣಿಸುತ್ತಿರುತ್ತವೆ. ಆಸ್ಟ್ರಿಯಾದ ರಚನಕಾರ ಷೋನ್‌ಬರ್ಗ್ 1909ರಲ್ಲೇ ತಮ್ಮ 11ನೇ ಕೃತಿಸಂಖ್ಯೆಯ ಮೊದಲ ತುಣುಕಿನಲ್ಲಿ ಇದನ್ನು ಬಳಸಿದ್ದಾರೆ. ತಂತಿಗಳು ಮಲಗಿದಂತಿರುವ ಗ್ರ್ಯಾಂಡ್ ಪಿಯಾನೋದಲ್ಲಿ ನಡುವಿನ ಪೆಡಲ್ ಸರಿಯಾಗಿದ್ದರೆ, ಒತ್ತಿದ ಕೀಗಳನ್ನು ಅದರಿಂದ ಹಿಡಿಸಿ ಎರಡೂ ಕೈ ಬಿಡಿಸಿಕೊಳ್ಳಬಹುದು.

ಅನುರಣನ ಬರದಿದ್ದರೆ ಎರಡು ಕಡೆ ನೋಡಿ. ಕೀ ಪೂರ್ತಿ ತಳ ಮುಟ್ಟಿಲ್ಲದಿರಬಹುದು, ಆಗ ಡ್ಯಾಂಪರ್ ತಂತಿಗೆ ತುಸು ತಾಗಿಕೊಂಡೇ ಇರುತ್ತದೆ. ಇಲ್ಲವಾದರೆ ಹೊಡೆದ ಸ್ವರದ ಹಾರ್ಮೋನಿಕ್‌ಗಳಲ್ಲಿ, ಅಂದರೆ ಅದರೊಳಗೇ ಸಣ್ಣಗೆ ನುಡಿಯುವ ಮೇಲಿನ ಸ್ವರಗಳಲ್ಲಿ, ಹಿಡಿದ ಸ್ವರ ಇಲ್ಲ.

ತಂತಿಯ ಮೇಲೆ ಬೆರಳು

ಸಂಗೀತದ ಹಾಳೆ ಇಡುವ ಹಲಗೆಯನ್ನು ತೆಗೆದು ಪಕ್ಕಕ್ಕಿಡಿ, ಮುಚ್ಚಳಕ್ಕೆ ಉದ್ದನೆಯ ಕೋಲು ಕೊಡಿ, ಅದು ಗೂಡಿನಲ್ಲಿ ಕೂತಿದೆಯೇ ಎಂದು ಕೈಯಿಂದ ಒತ್ತಿ ನೋಡಿ. ನಿಂತು ನುಡಿಸುವಾಗ ಒಂದು ಕಾಲು ಪೆಡಲ್ ಮೇಲಿರಬೇಕಾದ್ದರಿಂದ ಸೊಂಟ ಬೇಗ ನೋಯುತ್ತದೆ. ಪೆಡಲ್ ಉದ್ದಕ್ಕೂ ಒತ್ತಿಯೇ ಇರಬೇಕಾದ ಕಡೆ ಎಲ್ಲ ಡ್ಯಾಂಪರ್‌ಗಳನ್ನೂ ಎತ್ತುವ ಬಲ ಪೆಡಲಿನ ಸನ್ನೆಯ ಮೇಲೆ ಮರದ ಬೆಣೆ ಇಟ್ಟುಕೊಳ್ಳಬಹುದು.

ಮೊದಲ ಪಾಠ ಮೌನ ಹೊದಿಸುವುದು. ಒಂದು ಕೈ ಕೀ ಒತ್ತುವಾಗ ಇನ್ನೊಂದು ಕೈಯ ಬೆರಳು ಅದೇ ಸ್ವರದ ತಂತಿಗಳ ಮೇಲೆ, ಡ್ಯಾಂಪರ್‌ಗೂ ಶ್ರುತಿ ಮೊಳೆಗಳಿಗೂ ನಡುವೆ, ತಂತಿ ಶುರುವಾಗುವ ತುದಿಗೆ ಅಂಟಿಕೊಂಡಂತೆ ಒತ್ತಿರಬೇಕು. ಆಗ ಸ್ವರ ತನ್ನ ಎತ್ತರ ಉಳಿಸಿಕೊಂಡೇ ಮರ ಬಡಿದ ಹಾಗೆ ಚಿಕ್ಕದಾಗಿ ನುಡಿಯುತ್ತದೆ. ಬೆರಳು ಎರಡು ಸೆಂ.ಮೀ. ಒಳಗೆ ಸರಿದರೆ ಸ್ವರ ಮಾಯವಾಗಿ ಬರಿ ‘ಟಪ್’ ಉಳಿಯುತ್ತದೆ. ಮೂರು ತಂತಿಗಳಲ್ಲಿ ಎರಡನ್ನಷ್ಟೇ ಮುಚ್ಚಿದರೆ ಮೂರನೆಯದು ತೆರೆದು ಹಾಡುತ್ತದೆ. ಹೊಸಬರ ಕೈಯಲ್ಲಿ ಹೆಚ್ಚಾಗಿ ಆಗುವ ತಪ್ಪು ಇದೇ. ಬೆರಳ ತುದಿ ಬೇಡ, ಬೆರಳನ್ನು ಮಲಗಿಸಿ ಮೂರನ್ನೂ ಮುಚ್ಚಿ.

ಮೀಟುವುದು ಇನ್ನೂ ಸರಳ. ಬೇಕಾದ ಕೀಯನ್ನು ಸದ್ದಿಲ್ಲದೆ ಒತ್ತಿ ಡ್ಯಾಂಪರ್ ಎತ್ತಿಸಿ, ತಂತಿಯನ್ನು ಬೆರಳ ಮಾಂಸದಿಂದ ಮೀಟಿದರೆ ಮೃದು, ಉಗುರಿನಿಂದ ಮೀಟಿದರೆ ಹೊಳಪು. ಮೂರು ತಂತಿಗಳಲ್ಲಿ ಒಂದನ್ನೇ ಮೀಟಿದರೂ ಸಾಕು, ಉಳಿದೆರಡು ಜೊತೆಗೂಡುತ್ತವೆ. ಕೋವೆಲ್ ಅವರ ‘ಏಯೋಲಿಯನ್ ಹಾರ್ಪ್’ ಪೂರ್ತಿ ಹೀಗೆಯೇ ನಡೆಯುತ್ತದೆ: ಒಂದು ಕೈ ಸದ್ದಿಲ್ಲದೆ ಸ್ವರಮೇಳ ಹಿಡಿಯುತ್ತದೆ, ಇನ್ನೊಂದು ತಂತಿಗಳ ಮೇಲೆ ಅಡ್ಡಲಾಗಿ ಸವರುತ್ತದೆ. ಹಿಡಿದ ಸ್ವರಗಳಷ್ಟೇ ಉಳಿದು, ಬೇರೆಯವು ಡ್ಯಾಂಪರ್ ಕೆಳಗೆ ಅಡಗುತ್ತವೆ. ಈ ಕಲೆಯ ಮೊದಲ ಪೂರ್ಣ ರಚನೆಯಾಗಿ ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ.

ಒಂದು ಎಚ್ಚರಿಕೆ: ಕಬ್ಬಿಣದ ಚೌಕಟ್ಟಿನ ಅಡ್ಡಪಟ್ಟಿಗಳು ಎಲ್ಲ ಮಾದರಿಗಳಲ್ಲಿ ಒಂದೇ ಕಡೆ ಇರುವುದಿಲ್ಲ. ಮನೆಯ ಪಿಯಾನೋದಲ್ಲಿ ಸಲೀಸಾಗಿ ಸವರಿದ ಮೂರು ಸ್ಥಾಯಿಗಳ ನಡುವೆ ವೇದಿಕೆಯ ಪಿಯಾನೋದಲ್ಲಿ ಪಟ್ಟಿ ಅಡ್ಡ ಬರಬಹುದು. ಕಾರ್ಯಕ್ರಮದ ದಿನಕ್ಕೂ ಮುಂಚೆ ಆ ವಾದ್ಯದ ಒಳಗಿನ ಫೋಟೋ ತರಿಸಿಕೊಳ್ಳಿ.

ಹಾರ್ಮೋನಿಕ್‌ಗಳಿಗೆ ಅಳತೆಪಟ್ಟಿ ಬೇಕು. ತಂತಿಯ ನುಡಿಯುವ ಉದ್ದ, ಅಂದರೆ ಅದು ಮುಂತುದಿಯಲ್ಲಿ ಲೋಹದ ಕಣ್ಣಿಯಿಂದ ಹೊರಬರುವ ಜಾಗದಿಂದ ಹಿಂತುದಿಯಲ್ಲಿ ಅದು ಹಾಯುವ ಮರದ ಬ್ರಿಡ್ಜ್‌ನ ಮೊದಲ ಮೊಳೆಯವರೆಗೆ ಅಳೆಯಿರಿ. ಒಂದು ಮಂದ್ರ ತಂತಿ 120 ಸೆಂ.ಮೀ. ಇದ್ದರೆ, ಮುಂತುದಿಯಿಂದ 60 ಸೆಂ.ಮೀ.ನಲ್ಲಿ ಬೆರಳು ಸೋಕಿಸಿ ಕೀ ಒತ್ತಿದಾಗ ಒಂದು ಸ್ಥಾಯಿ ಮೇಲಿನ ಷಡ್ಜ ಬರುತ್ತದೆ, 40ರಲ್ಲಿ ಅದಕ್ಕೂ ಮೇಲಿನ ಪಂಚಮ, 30ರಲ್ಲಿ ಎರಡು ಸ್ಥಾಯಿ ಮೇಲಿನ ಷಡ್ಜ, 24ರಲ್ಲಿ ಅದರಾಚೆಯ ಅಂತರ ಗಾಂಧಾರ. ಮುಂತುದಿಯ ಕಡೆ ಡ್ಯಾಂಪರ್ ಅಡ್ಡವಾದರೆ ಅದೇ ದೂರವನ್ನು ಬ್ರಿಡ್ಜ್ ಕಡೆಯಿಂದ ಅಳೆಯಿರಿ, ಫಲ ಒಂದೇ. ಬೆರಳು ಒತ್ತಬಾರದು, ಸೋಕಬೇಕಷ್ಟೆ. ಕೀ ಒತ್ತಿದ ತಕ್ಷಣ ಬೆರಳು ಎತ್ತಿದರೆ ಸ್ವರ ಗಂಟೆಯ ಹಾಗೆ ತೆರೆದುಕೊಳ್ಳುತ್ತದೆ. ಕೆಲವು ಮಿ.ಮೀ. ತಪ್ಪಿದರೂ ಮೇಲಿನ ಹಾರ್ಮೋನಿಕ್‌ಗಳು ಸಿಗುವುದಿಲ್ಲ.

ಜಾಗ ನೆನಪಿಡಲು ತಂತಿಗೆ ಬಣ್ಣ, ಸೀಮೆಸುಣ್ಣ, ಅಂಟು ಯಾವುದನ್ನೂ ಹಚ್ಚಬೇಡಿ. ಪಕ್ಕದ ಕಬ್ಬಿಣದ ಪಟ್ಟಿಯ ಮೇಲೆ, ಸುಲಭವಾಗಿ ಬಿಡಿಸಬಹುದಾದ ಚಿಕ್ಕ ಕಾಗದದ ಚೀಟಿ ಅಂಟಿಸಿ.

ಉದ್ದಕ್ಕೆ ಉಜ್ಜುವುದು ಇನ್ನೊಂದು ಲೋಕ. ಪೆಡಲ್ ಒತ್ತಿದ್ದಾಗ ತಾಮ್ರ ಸುತ್ತಿದ ತಂತಿಯನ್ನು ಉಗುರಿನಿಂದ ಉದ್ದಕ್ಕೂ ಎಳೆದರೆ ಚೀತ್ಕಾರದಂಥ ಸದ್ದು ಬರುತ್ತದೆ. ಇಲ್ಲಿ ತಂತಿ ಅಡ್ಡಡ್ಡ ಅಲ್ಲ, ಉದ್ದುದ್ದ ಕಂಪಿಸುವುದರಿಂದ ಕೀಯ ಸ್ವರಕ್ಕೂ ಈ ಸದ್ದಿಗೂ ನೇರ ಸಂಬಂಧವಿಲ್ಲ. ಕೋವೆಲ್ 1925ರಲ್ಲಿ ಬರೆದ ‘ದಿ ಬ್ಯಾನ್ಶೀ’ಯಲ್ಲಿ ವಾದಕ ಪಿಯಾನೋದ ಬಾಗಿದ ಬದಿಯಲ್ಲಿ ನಿಂತು ಇದನ್ನೇ ಮಾಡುತ್ತಾನೆ, ಕೀಬೋರ್ಡಿನ ಮುಂದೆ ಇನ್ನೊಬ್ಬರು ಕೂತು ಪೆಡಲ್ ಹಿಡಿದಿರುತ್ತಾರೆ.

ತಂತಿಗಳ ನಡುವೆ ವಸ್ತು: ಸಿದ್ಧಪಡಿಸಿದ ಪಿಯಾನೋ

ಅಮೆರಿಕದ ರಚನಕಾರ ಜಾನ್ ಕೇಜ್ 1940ರಲ್ಲಿ ಸಿಯಾಟಲ್‌ನ ಒಂದು ನೃತ್ಯಕ್ಕೆ ತಾಳವಾದ್ಯಗಳ ಸಂಗೀತ ಬರೆಯಬೇಕಿತ್ತು, ವೇದಿಕೆಯಲ್ಲಿ ಒಂದು ಪಿಯಾನೋಗಷ್ಟೇ ಜಾಗವಿತ್ತು. ತಂತಿಗಳ ಮೇಲೆ ತಟ್ಟೆ ಇಟ್ಟರು, ಅದು ಕುಣಿಯಿತು. ಮೊಳೆ ತುರುಕಿದರು, ಜಾರಿ ಬಿತ್ತು. ಸ್ಕ್ರೂ ನಿಂತಿತು, ಏಕೆಂದರೆ ಅದರ ಮರೆಗಳು, ಅಂದರೆ ಮೈಮೇಲಿನ ಸುರುಳಿ ಗೀರುಗಳು, ತಂತಿಯನ್ನು ಹಿಡಿದುಕೊಳ್ಳುತ್ತವೆ. ಇವತ್ತಿಗೂ ಸ್ಕ್ರೂ, ಬೋಲ್ಟುಗಳೇ ಈ ಕಲೆಯ ಮುಖ್ಯ ಸಾಮಗ್ರಿ. 1946–48ರಲ್ಲಿ ಅವರು ಬರೆದ ‘ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್’ಗೆ 45 ಸ್ವರಗಳನ್ನು ಸಿದ್ಧಪಡಿಸಬೇಕು. ಯಾವ ವಸ್ತು, ಎಷ್ಟನೆಯ ತಂತಿಗಳ ನಡುವೆ, ಡ್ಯಾಂಪರ್‌ನಿಂದ ಎಷ್ಟು ದೂರ ಎಂಬ ಕೋಷ್ಟಕ ರಚನೆಯ ಜೊತೆಗೇ ಇದೆ. ನೀವು ಮೂರು ಸ್ವರಗಳಿಂದ ಶುರು ಮಾಡಿ.

ಬೇಕಾದದ್ದು: ಹಿತ್ತಾಳೆಯ ಎರಡು ಬೋಲ್ಟು, 4ರಿಂದ 6 ಮಿ.ಮೀ. ದಪ್ಪದವು, ಒಂದಕ್ಕೆ ಸಡಿಲವಾದ ನಟ್ಟು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಕತ್ತರಿಸಿದ ಪಟ್ಟಿ, ಪ್ಲಾಸ್ಟಿಕ್ ಬೆಣೆ, ಅಳತೆಪಟ್ಟಿ, ಕೋಲಿಗೆ ಕಟ್ಟಿದ ಅಯಸ್ಕಾಂತ. ಹಿತ್ತಾಳೆ ತಂತಿಯ ಉಕ್ಕಿಗಿಂತ ಮೆತ್ತಗಿದೆ, ಆದ್ದರಿಂದ ತಂತಿಗೆ ಗಾಯವಾಗುವುದಿಲ್ಲ. ಆದರೆ ಅಯಸ್ಕಾಂತ ಹಿತ್ತಾಳೆಯನ್ನು ಎತ್ತುವುದಿಲ್ಲ. ಅದನ್ನು ಇಡುವ ಮೊದಲೇ ತಲೆಯ ಕೆಳಗೆ ದಾರ ಕಟ್ಟಿಕೊಳ್ಳಿ.

1. ಬಲ ಪೆಡಲ್ ಒತ್ತಿ ಹಿಡಿಯಿರಿ. ಡ್ಯಾಂಪರ್‌ಗಳು ಕೆಳಗಿದ್ದಾಗ ತಂತಿ ಸರಿಸಿದರೆ ಅವುಗಳ ಫೆಲ್ಟು ತಿರುಚಿಕೊಳ್ಳುತ್ತದೆ.

2. ನಡು ಸ್ಥಾಯಿಯ, ಮೂರು ತಂತಿಗಳಿರುವ ಒಂದು ಸ್ವರ ಆರಿಸಿ. ಎಡದಿಂದ ಒಂದು, ಎರಡು, ಮೂರು ಎಂದು ಎಣಿಸಿ.

3. ಡ್ಯಾಂಪರ್‌ನ ಹಿಂದೆ, ಬ್ರಿಡ್ಜ್ ಕಡೆಗೆ, ಐದು ಸೆಂ.ಮೀ. ಅಳೆದುಕೊಳ್ಳಿ. ಡ್ಯಾಂಪರ್‌ಗೂ ಹ್ಯಾಮರ್ ಬಡಿಯುವ ಜಾಗಕ್ಕೂ ವಸ್ತು ತಾಗಬಾರದು.

4. ಪ್ಲಾಸ್ಟಿಕ್ ಬೆಣೆಯಿಂದ ಎರಡು ಮತ್ತು ಮೂರನೆಯ ತಂತಿಗಳನ್ನು ಕೂದಲೆಳೆಯಷ್ಟು ಅಗಲಿಸಿ, ಬೋಲ್ಟನ್ನು ಇಳಿಸಿ, ಬೆಣೆ ತೆಗೆಯಿರಿ. ತಂತಿಗಳಿಂದ ಕೆಳಗೆ ಒಂದೂವರೆ ಸೆಂ.ಮೀ.ಗಿಂತ ಹೆಚ್ಚು ಇಳಿಯಬಾರದು. ಸೌಂಡ್‌ಬೋರ್ಡ್ ಮುಟ್ಟಿದರೆ ಅಲ್ಲಿ ಗೀರು ಬೀಳುತ್ತದೆ.

5. ಪೆಡಲ್ ಬಿಟ್ಟು ಕೀಯನ್ನು ಹತ್ತು ಸಲ ಜೋರಾಗಿ ಒತ್ತಿ. ಬೋಲ್ಟು ಸರಿದರೆ ತೆಳ್ಳಗಾಯಿತು. ತಂತಿಗಳು ಕಣ್ಣಿಗೆ ಕಾಣುವಷ್ಟು ಬಾಗಿದ್ದರೆ ದಪ್ಪವಾಯಿತು, ಆ ಸ್ವರದ ಶ್ರುತಿ ಉಳಿಯುವುದಿಲ್ಲ.

ಈಗ ಎಡ ಪೆಡಲ್ ಒತ್ತಿ ಅದೇ ಕೀ ನುಡಿಸಿ. ಗ್ರ್ಯಾಂಡ್‌ನಲ್ಲಿ ಈ ಪೆಡಲ್ ಹ್ಯಾಮರ್‌ಗಳನ್ನು ಬಲಕ್ಕೆ ಸರಿಸುವುದರಿಂದ ಒಂದನೆಯ ತಂತಿಗೆ ಏಟು ಬೀಳುವುದಿಲ್ಲ. ಪೆಡಲ್ ಇಲ್ಲದಿದ್ದಾಗ ಶುದ್ಧ ಸ್ವರ ಮತ್ತು ಬೋಲ್ಟಿನ ಲೋಹದ ನಾದ ಬೆರೆತು ಕೇಳುತ್ತಿದ್ದವು, ಈಗ ಲೋಹದ ನಾದ ಒಂದೇ. ಒಂದೇ ಕೀಗೆ ಎರಡು ವಾದ್ಯ ಸಿಕ್ಕಿತು. ಕೇಜ್ ತಂತಿಗಳ ಸಂಖ್ಯೆಯನ್ನು ಅಷ್ಟು ಕಟ್ಟುನಿಟ್ಟಾಗಿ ಬರೆದದ್ದು ಏಕೆಂದು ಇಲ್ಲಿ ಅರ್ಥವಾಗುತ್ತದೆ.

ಬೋಲ್ಟಿಗೆ ಸಡಿಲ ನಟ್ಟು ಹಾಕಿದರೆ ಝೇಂಕಾರ ಸೇರುತ್ತದೆ. ರಬ್ಬರು ಪಟ್ಟಿಯನ್ನು ಒಂದನೆಯ ತಂತಿಯ ಕೆಳಗೆ, ಎರಡನೆಯದರ ಮೇಲೆ, ಮೂರನೆಯದರ ಕೆಳಗೆ ನೇಯ್ದರೆ ಮಂಕಾದ, ಚಿಕ್ಕ, ಚರ್ಮವಾದ್ಯದಂಥ ಪೆಟ್ಟು. ವಸ್ತುವನ್ನು ಒಂದು ಸೆಂ.ಮೀ. ಸರಿಸಿದರೂ ಬೇರೆ ಹಾರ್ಮೋನಿಕ್ ಮೇಲೆದ್ದು ನಾದ ಪೂರ್ತಿ ಬದಲಾಗುತ್ತದೆ, ಆದ್ದರಿಂದ ಇಷ್ಟವಾದ ನಾದ ಸಿಕ್ಕ ಕೂಡಲೇ ಅಳತೆ ಬರೆದಿಡಿ. ಆ ಅಳತೆ ಆ ಪಿಯಾನೋಗೆ ಮಾತ್ರ. ಬೇರೆ ಉದ್ದದ ವಾದ್ಯದಲ್ಲಿ ಸಂಖ್ಯೆಯನ್ನು ಬಿಟ್ಟು ಕಿವಿಯನ್ನು ನಂಬಿ.

ಅಂಟುಪಟ್ಟಿ, ಮೇಣ, ಕರಗುವ ಪ್ಲಾಸ್ಟಿಕ್, ನೀರು ಇವು ಯಾವ ಪಿಯಾನೋಗೂ ಬೇಡ. ಗೋಡೆಗೆ ಚಿತ್ರ ಅಂಟಿಸುವ ಮೆತ್ತನೆಯ ಅಂಟನ್ನು ಬರಿ ಉಕ್ಕಿನ ತಂತಿಗಳ ಮೇಲೆ ಸ್ವಲ್ಪ ಹೊತ್ತು ಬಳಸಬಹುದು, ತಾಮ್ರ ಸುತ್ತಿದವುಗಳ ಮೇಲೆ ಖಂಡಿತ ಬೇಡ. ನೈಲಾನ್ ಎಳೆಗಳ ಕಟ್ಟಿಗೆ ಪಿಟೀಲಿನ ಕಮಾನಿಗೆ ಹಚ್ಚುವ ರಾಳವಾದ ರೋಸಿನ್ ಹಚ್ಚಿ, ತಂತಿಯ ಕೆಳಗೆ ತೂರಿಸಿ ಹಿಂದೆ ಮುಂದೆ ಎಳೆದರೆ ಪಿಟೀಲಿನಂತೆ ನೀಳವಾದ ನಾದ ಬರುತ್ತದೆ. ಅಮೆರಿಕದ ಸ್ಟೀಫನ್ ಸ್ಕಾಟ್ 1977ರಿಂದ ಒಂದು ತಂಡವನ್ನೇ ಕಟ್ಟಿ ಹೀಗೆ ನುಡಿಸಿದರು. ಆದರೆ ರೋಸಿನ್ ತಂತಿಗೂ ಡ್ಯಾಂಪರ್‌ಗೂ ಅಂಟಿಕೊಳ್ಳುವುದರಿಂದ ಇದಕ್ಕೆಂದೇ ಬಿಟ್ಟ ಪಿಯಾನೋ ಇಲ್ಲದೆ ಇದನ್ನು ಮಾಡಬೇಡಿ.

ಅಪ್‌ರೈಟ್ ಪಿಯಾನೋದಲ್ಲಿ ತಂತಿಗಳು ನೆಟ್ಟಗೆ ನಿಂತಿರುವುದರಿಂದ ಸಡಿಲ ವಸ್ತು ಕೆಳಗೆ ಜಾರುತ್ತದೆ, ಮೇಲಿನ ಮುಂಹಲಗೆ ತೆಗೆದರೂ ಹ್ಯಾಮರ್‌ಗಳು ಅಡ್ಡ. ಅಲ್ಲಿ ರಬ್ಬರು, ಫೆಲ್ಟು, ಕಾಗದದ ಪಟ್ಟಿಗಳಿಗೆ ಸೀಮಿತವಾಗಿರಿ. ಮೊಣಕಾಲ ಬಳಿಯ ಹಲಗೆ ತೆಗೆದರೆ ಮಂದ್ರ ತಂತಿಗಳ ಕೆಳಭಾಗ ಕೈಗೆ ಸಿಗುತ್ತದೆ. ಅಲ್ಲಿ ಎಡ ಪೆಡಲ್ ಹ್ಯಾಮರ್‌ಗಳನ್ನು ಪಕ್ಕಕ್ಕೆ ಸರಿಸುವುದಿಲ್ಲ, ತಂತಿಯ ಹತ್ತಿರಕ್ಕೆ ತರುತ್ತದೆ ಅಷ್ಟೆ, ಹಾಗಾಗಿ ಮೇಲೆ ಹೇಳಿದ ಎರಡು ನಾದದ ತಂತ್ರ ನಡೆಯದು.

ಕೇಳುಗರ ಮುಂದೆ

1923ರಲ್ಲಿ ಲೈಪ್‌ಜಿಗ್‌ನಲ್ಲಿ ಕೋವೆಲ್ ನುಡಿಸುವಾಗ ಸಭಿಕರು ಪರ ವಿರೋಧವಾಗಿ ಕೈಕೈ ಮಿಲಾಯಿಸಿ ಪೊಲೀಸರು ಬರಬೇಕಾಯಿತು. ಅದೇ ಹೊತ್ತಿನ ಯುರೋಪಿನಲ್ಲಿ ಹಂಗೇರಿಯ ರಚನಕಾರ ಬೇಲಾ ಬಾರ್ಟೋಕ್ ಕೋವೆಲ್ ಅವರ ಕ್ಲಸ್ಟರ್‌ಗಳನ್ನು ಕೇಳಿ, ತಮ್ಮ ರಚನೆಯಲ್ಲೂ ಬಳಸಲು ಅನುಮತಿ ಕೇಳಿದರು. ಒಂದೇ ಸದ್ದಿಗೆ ಎರಡೂ ಪ್ರತಿಕ್ರಿಯೆ ಬರಬಹುದು, ಎರಡಕ್ಕೂ ಸಿದ್ಧರಿರಿ.

ತಯಾರಿಯನ್ನು ಸಭಿಕರ ಮುಂದೆ ಮಾಡಬೇಡಿ. ಸ್ಕ್ರೂ ಹಿಡಿದು ತಡಕಾಡುವುದನ್ನು ಕಂಡವರು ಸಂಗೀತವನ್ನು ಆಟವೆಂದೇ ಕೇಳುತ್ತಾರೆ. 45 ಸ್ವರಗಳ ತಯಾರಿಗೆ ಎರಡು ಮೂರು ಗಂಟೆ ಬೇಕು, ಅದು ಬಾಗಿಲು ತೆರೆಯುವ ಮೊದಲೇ ಮುಗಿದಿರಲಿ. ಹಾಗೆ ಸಿದ್ಧಪಡಿಸಿದ ವಾದ್ಯದಲ್ಲಿ ಬೇರೆ ರಚನೆ ನುಡಿಸಲಾಗದು, ಆದ್ದರಿಂದ ಅದನ್ನು ಮೊದಲಿಗೆ ಇಟ್ಟು ಎರಡನೆಯ ಪಿಯಾನೋ ಕೇಳಿ, ಇಲ್ಲವೇ ಇಡೀ ಕಾರ್ಯಕ್ರಮವನ್ನು ಅದಕ್ಕೇ ಮೀಸಲಿಡಿ.

ಒಳಗಿನ ಸದ್ದುಗಳು ಬಹಳ ಚಿಕ್ಕವು. ಐದನೆಯ ಸಾಲಿನಾಚೆ ಕೂತವರಿಗೆ ನಿಮ್ಮ ಚಲನೆ ಕಾಣುತ್ತದೆ, ನಾದ ತಲುಪುವುದಿಲ್ಲ. ಅವರಿಗೆ ಅದು ಅಭಿನಯದಂತೆ ತೋರುತ್ತದೆ. ಆಸನಗಳನ್ನು ಹತ್ತಿರ ತನ್ನಿ ಅಥವಾ ಮೈಕ್ ಬಳಸಿ. ಅಮೆರಿಕದ ರಚನಕಾರ ಜಾರ್ಜ್ ಕ್ರಂಬ್ ತಮ್ಮ ‘ಮ್ಯಾಕ್ರೊಕಾಸ್ಮೋಸ್’ ಸಂಪುಟಗಳನ್ನು ಧ್ವನಿವರ್ಧನೆಯ ಪಿಯಾನೋಗೆಂದೇ ಬರೆದರು.

ನುಡಿಸುವ ಮುಂಚೆ ಎರಡು ನಿಮಿಷ ಮಾತಾಡುವುದು ಒಳ್ಳೆಯದು, ಆದರೆ ಸಮರ್ಥನೆ ಬೇಡ. ಒಂದು ಸ್ವರವನ್ನು ಮಾಮೂಲಿಯಾಗಿ, ಆಮೇಲೆ ಅದೇ ಸ್ವರವನ್ನು ಹಾರ್ಮೋನಿಕ್ ಆಗಿ ನುಡಿಸಿ ತೋರಿಸಿ. ಯಾರಾದರೂ ನಕ್ಕರೆ ನುಡಿಸುವುದನ್ನು ನಿಲ್ಲಿಸಬೇಡಿ, ಅತ್ತ ನೋಡಲೂ ಬೇಡಿ. ಮಕ್ಕಳು ನಕ್ಕರೆ ಅದು ಅಚ್ಚರಿ, ಅದನ್ನು ಸ್ವಾಗತಿಸಿ. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು ನೋಡಲು ಕರೆಯಿರಿ, ಆದರೆ ತಂತಿ ಮುಟ್ಟಲು ಬಿಡಬೇಡಿ.

ತೆಗೆಯುವುದು

ಹಾಕಿದ್ದಕ್ಕಿಂತ ನಿಧಾನವಾಗಿ ತೆಗೆಯಿರಿ. ಪೆಡಲ್ ಒತ್ತಿ, ಬೆಣೆಯಿಂದ ಅಗಲಿಸಿ, ಬೋಲ್ಟನ್ನು ತಿರುಗಿಸದೆ ನೇರ ಮೇಲಕ್ಕೆತ್ತಿ. ತಿರುಗಿಸಿದರೆ ಮರೆಗಳು ತಂತಿಯನ್ನು ಉಜ್ಜುತ್ತವೆ. ತೆಗೆದ ಪ್ರತಿ ವಸ್ತುವನ್ನೂ ಪಟ್ಟಿಯಲ್ಲಿ ಗುರುತು ಹಾಕುತ್ತ ಹೋಗಿ. ಒಂದು ನಟ್ಟು ಲೆಕ್ಕಕ್ಕೆ ಸಿಗದಿದ್ದರೂ ಮುಚ್ಚಳ ಮುಚ್ಚಬಾರದು. ಉಕ್ಕಿನದಾದರೆ ಅಯಸ್ಕಾಂತದ ಕೋಲಿನಿಂದ, ಅಲ್ಲದಿದ್ದರೆ ತಂತಿಗಳ ಕೆಳಗೆ ತೆಳು ಬಟ್ಟೆ ತೂರಿಸಿ ಎಳೆದು ಹುಡುಕಿ. ಕಾಗದದ ಚೀಟಿಗಳನ್ನೂ ಬಿಡಿಸಿ. ಆಮೇಲೆ 88 ಕೀಗಳನ್ನೂ ಒಂದೊಂದಾಗಿ ನುಡಿಸಿ, ಬಿಟ್ಟ ಕೂಡಲೇ ಸ್ವರ ನಿಲ್ಲುತ್ತದೆಯೇ, ಎಲ್ಲಾದರೂ ಝೇಂಕಾರ ಇದೆಯೇ ಕೇಳಿ. ಸ್ವರ ನಿಲ್ಲದಿದ್ದರೆ ಆ ಡ್ಯಾಂಪರ್ ಓರೆಯಾಗಿದೆ. ನೀವೇ ಬಗ್ಗಿಸದೆ ಟ್ಯೂನರ್‌ಗೆ ಬಿಡಿ. ವಸ್ತು ಇಟ್ಟಿದ್ದ ಸ್ವರಗಳ ಪಟ್ಟಿಯನ್ನು ಅವರ ಕೈಗೆ ಕೊಡಿ. ಅಗಲಿದ್ದ ತಂತಿಗಳು ಮರುದಿನದವರೆಗೂ ತುಸು ಸರಿದಾಡುವುದುಂಟು, ಆದ್ದರಿಂದ ಶ್ರುತಿಯನ್ನು ಅದೇ ರಾತ್ರಿ ಮಾಡಿಸದೆ ಮಾರನೆಯ ದಿನ ಮಾಡಿಸಿ.